ಹಲವು ನುಡಿಯ ಸೇನೆ

ಕೌಟಿಲ್ಯನು ಅರ್ಥಶಾಸ್ತ್ರದ ಒಂಬತ್ತನೆಯ ಅಧಿಕರಣದಲ್ಲಿ ಸೈನ್ಯವನ್ನು ಆರು ಬಗೆಯಾಗಿ ವಿಂಗಡಿಸಿದ್ದಾನೆ. ತಲೆತಲಾಂತರದಿಂದ ಅರಸನನ್ನು ಆಶ್ರಯಿಸಿದ ಮೌಲಬಲ, ಸಂಬಳಕ್ಕೆ ನಿಂತ ಭೃತಬಲ, ಶ್ರೇಣಿಬಲ, ಮಿತ್ರಬಲ, ಶತ್ರುವಿನ ಕಡೆಯಿಂದ ಬಂದ ಅಮಿತ್ರಬಲ, ಕಾಡಿನ ಜನರ ಆಟವಿಕಬಲ, ಇವೇ ಆ ಆರು. ಇವುಗಳಲ್ಲಿ ಹಿಂದಿನದು ಮುಂದಿನದಕ್ಕಿಂತ ಮೇಲೆಂಬುದು ಆತನ ಮತ. ಒಡೆಯನ ಇರವಿನಲ್ಲಿಯೇ ತನ್ನ ಇರವನ್ನು ಕಾಣುವ ಬಲವೇ ಆಪತ್ಕಾಲದಲ್ಲಿ ನಿಲ್ಲುವುದೆಂಬ ಈ ಮಾತಿನಲ್ಲಿ ಲೋಕಾನುಭವವು ತುಂಬಿದೆ. ನಿವೃತ್ತನಾದ ಮೇಲೆ ದೊರೆತ ಬಿಡುವಿನಲ್ಲಿ ಗ್ರೀಕ್ ಚರಿತ್ರಕಾರನಾದ ಪೊಲಿಬಿಯಸನ ಗ್ರಂಥವನ್ನು ಇಂಗ್ಲಿಷ್ ಅನುವಾದದಲ್ಲಿ ಓದುತ್ತಿದ್ದಾಗ, ಈ ಸೂತ್ರವನ್ನು ಒರೆಗೆ ಹಚ್ಚುವಂತಹ ಸೇನೆಯೊಂದು ಅಲ್ಲಿ ನನಗೆ ಎದುರಾಯಿತು. ಅದು ಕಾರ್ಥೇಜಿನ ದಂಡನಾಯಕನಾದ ಹ್ಯಾನಿಬಲನ ಸೇನೆ.

ಕಾರ್ಥೇಜ್ ಎಂಬುದು ಆಫ್ರಿಕದ ಉತ್ತರ ತೀರದಲ್ಲಿ, ಈಗಿನ ಟ್ಯುನೀಸಿಯ ದೇಶದಲ್ಲಿದ್ದ ವಣಿಜರ ನಗರ. ರೋಮಿನೊಡನೆ ಯುದ್ಧ ಮಾಡಲು ಹ್ಯಾನಿಬಲನು ಕ್ರಿ. ಪೂ. 218ರಲ್ಲಿ ಸ್ಪೇನಿನಿಂದ ಹೊರಟು, ಆಲ್ಪ್ಸ್ ಪರ್ವತವನ್ನು ದಾಟಿ ಇಟಲಿಗೆ ಇಳಿದಾಗ, ಆತನೊಡನೆ ಉಳಿದಿದ್ದವರು ಆಫ್ರಿಕದ ಕಾಲಾಳುಗಳು 12,000, ಸ್ಪೇನಿನ ಕಾಲಾಳುಗಳು 8,000, ರಾವುತರು 6,000ಕ್ಕೆ ಮೀರದಷ್ಟು. ಈ ಲೆಕ್ಕವನ್ನು ಹ್ಯಾನಿಬಲನೇ ದಕ್ಷಿಣ ಇಟಲಿಯ ಲ್ಯಾಸಿನಿಯಮಿನಲ್ಲಿ ಕಂಚಿನ ಫಲಕದ ಮೇಲೆ ಬರೆಯಿಸಿದ್ದನು. ಪೊಲಿಬಿಯಸನು ಅದನ್ನು ಕಣ್ಣಾರೆ ಕಂಡು ಹೇಳಿದ್ದಾನೆ. ಕುದುರೆಗೆ ಕಡಿವಾಣವನ್ನೇ ಹಾಕದೆ ಏರಿ ಹೋಗುವ ನುಮಿಡಿಯದವರು, ಬಲೆಯಾರಿಕ್ ದ್ವೀಪಗಳ ಕವಣೆಗಾರರು, ಉತ್ತರ ಇಟಲಿಯಲ್ಲಿ ಬಂದು ಕೂಡಿದ ಗಾಲ್ ಜನರು, ಬರಬರುತ್ತ ಲಿಗುರಿಯದವರು, ಗ್ರೀಕರು, ಇಟಲಿಯವರು, ಹೀಗೆ ಆ ದಂಡಿನಲ್ಲಿ ಸೇರದ ಜನವೇ ಇಲ್ಲವೆನ್ನಬಹುದು. ಕಾರ್ಥೇಜಿನ ಪೌರರಾದರೋ ಬೆರಳೆಣಿಕೆಯವರು. ಕೌಟಿಲ್ಯನ ತಕ್ಕಡಿಯಲ್ಲಿ ತೂಗಿದರೆ ಇದು ಹಗುರವಾದ ಸೇನೆಯೇ ಸರಿ.

ಇಂತಹ ದಂಡಿನ ಅಪಾಯವು ಹ್ಯಾನಿಬಲನಿಗೆ ತಿಳಿಯದಿರಲಿಲ್ಲ. ಆತನು ಹುಟ್ಟಿದುದು ಕ್ರಿ. ಪೂ. 247ರಲ್ಲಿ. ಆತನಿನ್ನೂ ಬಾಲಕನಾಗಿದ್ದಾಗ, ಸಿಸಿಲಿಯ ಯುದ್ಧದಿಂದ ಹಿಂದಿರುಗಿದ ಸುಮಾರು 20,000 ಮಂದಿ ಕೂಲಿಸೈನಿಕರಿಗೆ ಕೊಡಬೇಕಾದ ಬಾಕಿ ಸಂಬಳವನ್ನು ಕಾರ್ಥೇಜಿನವರು ಕಡಿಮೆಮಾಡಲು ನೋಡಿದರು. ಬೇರೆಬೇರೆ ನುಡಿಯವರನ್ನು ಬೆರಸಿಟ್ಟರೆ ಅವರು ಒಟ್ಟುಗೂಡಿ ಪಿತೂರಿ ಮಾಡಲಾರರು ಎಂಬುದು ಆ ನಗರದವರ ನೀತಿ. ಆದರೆ ಸಿಟ್ಟಿಗೆದ್ದ ಮಂದಿಯನ್ನು ಸಮಾಧಾನಪಡಿಸಬೇಕಾದಾಗ, ಎಲ್ಲರಿಗೂ ತಿಳಿಯುವಂತೆ ಮಾತಾಡಬಲ್ಲವನು ಒಬ್ಬನೂ ಸಿಕ್ಕಲಿಲ್ಲ. ಅವರೆಲ್ಲರಿಗೂ ಅರ್ಥವಾಗುತ್ತಿದ್ದ ಮಾತು ಒಂದೇ ಆಗಿತ್ತೆಂದು ಪೊಲಿಬಿಯಸನು ಬರೆಯುತ್ತಾನೆ; ಅದು "ಕಲ್ಲೆಸೆಯಿರಿ" ಎಂಬುದು. ಮೂರು ವರ್ಷಕ್ಕೂ ಮೀರಿ ನಡೆದ ಆ ದಂಗೆಯನ್ನು ಹ್ಯಾನಿಬಲನ ತಂದೆಯಾದ ಹ್ಯಾಮಿಲ್ಕಾರನು ಬಹು ಕಷ್ಟದಿಂದ, ಬಹು ಕ್ರೌರ್ಯದಿಂದ ಅಡಗಿಸಿದನು.

ಅಂತಹುದೇ ಸಾಮಗ್ರಿಯಿಂದ ಕಟ್ಟಿದ ಮಗನ ಸೇನೆಯು ಹದಿನಾರು ವರ್ಷ ಎಡೆಬಿಡದೆ ಯುದ್ಧ ಮಾಡಿದರೂ ತನ್ನ ನಾಯಕನ ಮೇಲೆ ಒಮ್ಮೆಯೂ ತಿರುಗಿ ಬೀಳಲಿಲ್ಲ. ಅವರಿಗೆ ಒಂದು ಧರ್ಮವಿಲ್ಲ, ಒಂದು ಆಚಾರವಿಲ್ಲ, ಒಂದು ಭಾಷೆಯಿಲ್ಲ. ಆದರೂ ಹೀಗೆ ನಡೆಯಿತಲ್ಲ ಎಂದು, ರೋಮಿನ ಮಿತ್ರನಾದ ಪೊಲಿಬಿಯಸನೇ ಬೆರಗುಪಡುತ್ತಾನೆ. ಇದು ಹೇಗಾಯಿತೆಂಬುದೇ ವಿಚಾರಣೀಯವಾದ ವಿಷಯ.

ಹ್ಯಾನಿಬಲನ ಏರ್ಪಾಟುಗಳಲ್ಲಿ ಜಾಣತನವೂ ಇದೆ, ಕನಿಕರವೂ ಇದೆ. ಹೊರಡುವ ಮುಂಚಿನ ಚಳಿಗಾಲದಲ್ಲಿ ಸ್ಪೇನಿನ ಸೈನಿಕರನ್ನು ಅವರವರ ಊರುಗಳಿಗೆ ಕಳುಹಿಸಿ, ಮನೆಮಂದಿಯನ್ನು ಕಂಡುಬರಲು ಅವಕಾಶವಿತ್ತನು. ಆಫ್ರಿಕವನ್ನು ಕಾಯಲು ಸ್ಪೇನಿನವರನ್ನೂ, ಸ್ಪೇನನ್ನು ಕಾಯಲು ಆಫ್ರಿಕದವರನ್ನೂ ನೇಮಿಸಿದನು. ಒಬ್ಬರ ನಿಷ್ಠೆಗೆ ಇನ್ನೊಬ್ಬರು ಹೊಣೆಯಾದಂತಾಯಿತು. ದಾರಿಯಲ್ಲಿ 3,000 ಮಂದಿ ಕಾರ್ಪೆಟಾನಿ ಜನರು ದಂಡನ್ನು ಬಿಟ್ಟು ಹೋದಾಗ ಅವರನ್ನು ಬೆನ್ನಟ್ಟದೆ, ಮನಸ್ಸಿಲ್ಲದೆ ಬರುತ್ತಿದ್ದ ಇನ್ನೂ 7,000 ಮಂದಿಯನ್ನು ತಾನಾಗಿಯೇ ಮನೆಗೆ ಕಳುಹಿಸಿದನೆಂದು ರೋಮಿನ ಚರಿತ್ರಕಾರನಾದ ಲಿವಿ ಹೇಳುತ್ತಾನೆ. ಪಹರೆಯವರ ನಡುವೆ ಬರಿಯ ನೆಲದ ಮೇಲೆ ಕಂಬಳಿ ಹೊದೆದು ಮಲಗಿರುತ್ತಿದ್ದ ಹ್ಯಾನಿಬಲನನ್ನು ಸೈನಿಕರು ಎಷ್ಟೋ ಸಲ ಕಂಡಿದ್ದರಂತೆ. ಕ್ರಿ. ಪೂ. 217ರಲ್ಲಿ ಆರ್ನೋ ನದಿಯ ಜವುಗುನೆಲವನ್ನು ದಾಟುವಾಗ ಆತನು ಕಣ್ಣುಬೇನೆಯಿಂದ ಒಂದು ಕಣ್ಣನ್ನೇ ಕಳೆದುಕೊಂಡನು.

ಯಾರನ್ನೂ ಒಂದೇ ಎರಕದಲ್ಲಿ ಹೊಯ್ಯುವ ಪ್ರಯತ್ನವನ್ನು ಆತನು ಮಾಡಲಿಲ್ಲವೆಂಬುದು ಗಮನಾರ್ಹ. ಆಯಾ ಜನಕ್ಕೆ ಆಯಾ ಆಯುಧ, ಆಯಾ ನಾಯಕ. ಕ್ರಿ. ಪೂ. 216ರಲ್ಲಿ ನಡೆದ ಕ್ಯಾನೆಯ ಕಾಳಗದಲ್ಲಿ, ರೋಮಿನವರ ಸುಮಾರು 80,000 ಕಾಲಾಳುಗಳ ಇದಿರಿಗೆ ಹ್ಯಾನಿಬಲನಿಗಿದ್ದವರು ಸುಮಾರು 40,000. ಬೀಸಿ ಹೊಡೆಯುವ ಉದ್ದಗತ್ತಿಯ ಗಾಲರನ್ನೂ, ಇರಿಯಲೂ ಕಡಿಯಲೂ ಬರುವ ಗಿಡ್ಡಗತ್ತಿಯ ಸ್ಪೇನಿನವರನ್ನೂ ಒಂದರ ಪಕ್ಕಕ್ಕೊಂದರಂತೆ ನಡುವೆ ನಿಲ್ಲಿಸಿ, ಆ ಸಾಲನ್ನು ಚಂದ್ರಕಲೆಯಂತೆ ಮುಂದಕ್ಕೆ ಉಬ್ಬಿಸಿದನು. ಎರಡು ಅಂಚುಗಳಲ್ಲಿ ಆಫ್ರಿಕದವರು ನಿಂತರು. ರೋಮಿನವರು ನೂಕಿದಂತೆಲ್ಲ ನಡುಸಾಲು ಹಿಂದೆ ಸರಿಯಿತು. ಅವರು ಒಳಗೆ ನುಗ್ಗಿದ ಮೇಲೆ ಆಫ್ರಿಕದವರು ಇಕ್ಕೆಲಗಳಿಂದ ತಿರುಗಿದರು. ಹಿಂದಿನಿಂದ ರಾವುತರು ಬಂದು ಮುಚ್ಚಿದರು. ಆ ಮಹಾಸೈನ್ಯವು ಒಂದೇ ದಿನದಲ್ಲಿ ನಾಶವಾಯಿತು.

ಆದರೆ ಈ ಜಯದ ಬೆಲೆಯನ್ನು ತೆತ್ತವರು ಯಾರು? ಪೊಲಿಬಿಯಸನ ಲೆಕ್ಕದಂತೆ ಹ್ಯಾನಿಬಲನ ಕಡೆ ಮಡಿದ ಗಾಲರು ಸುಮಾರು 4,000, ಸ್ಪೇನಿನವರೂ ಆಫ್ರಿಕದವರೂ ಕೂಡಿ 1,500, ರಾವುತರು 200. ಎಲ್ಲಕ್ಕೂ ಈಚೆಗೆ ಬಂದು ಸೇರಿದವರನ್ನೇ ಎಲ್ಲಕ್ಕಿಂತ ಹೆಚ್ಚಿನ ಪೆಟ್ಟು ಬೀಳುವ ಕಡೆ ನಿಲ್ಲಿಸಿದ್ದನು. ಹಳಬರನ್ನು ಉಳಿಸಿಕೊಂಡು ಹೊಸಬರನ್ನು ವೆಚ್ಚಮಾಡುವ ಈ ಲೆಕ್ಕಾಚಾರವು ಎಷ್ಟು ನಿಪುಣವೋ ಅಷ್ಟೇ ನಿರ್ದಯವಾದುದು. ಒಗ್ಗಟ್ಟನ್ನು ಹೊಗಳುವವರು ಅದರ ಭಾರವು ಯಾರ ಹೆಗಲ ಮೇಲೆ ಬಿದ್ದಿತೆಂಬುದನ್ನೂ ನೋಡಬೇಕು.

ನಾನು ಪಾಠ ಹೇಳುತ್ತಿದ್ದ ಶಾಲೆಯಲ್ಲಿ ಮನೆಯಲ್ಲಿ ತುಳು ಆಡುವವರು, ಕೊಂಕಣಿಯವರು, ಬ್ಯಾರಿ ಭಾಷೆಯವರು, ಕನ್ನಡದವರು ಒಂದೇ ಸಾಲಿನಲ್ಲಿ ಕುಳಿತಿರುತ್ತಿದ್ದರು. ಉಪಾಧ್ಯಾಯರ ಮಾತು ಆ ಮಕ್ಕಳಿಗೆ ತಿಳಿಯುತ್ತಿದ್ದುದು ತಡವಾಗಿ. ಬೆಳಗ್ಗೆ ಹೇಳಿದುದನ್ನು ಉಪಾಧ್ಯಾಯರು ಸಂಜೆ ನಡೆಸುವರೋ ಇಲ್ಲವೋ ಎಂಬುದು ಮಾತ್ರ ಮೊದಲ ವಾರದಲ್ಲಿಯೇ ಎಲ್ಲರಿಗೂ ಸಮನಾಗಿ ತಿಳಿದುಬಿಡುತ್ತಿತ್ತು. ದಂಡಿನ ವಿಷಯವೂ ಇದಕ್ಕಿಂತ ಬಹಳ ಬೇರೆಯಾಗಿರದೆಂದು ನನ್ನ ಊಹೆ.

ಈ ಕಲೆಯು ರೋಮಿಗೂ ತಿಳಿದಿತ್ತೆಂಬುದನ್ನು ಮರೆಯಲಾಗದು. ಆ ನಗರದ ಸೈನ್ಯದಲ್ಲಿ ಅರ್ಧದಷ್ಟು ಮಂದಿ ಇಟಲಿಯ ಮಿತ್ರಜನಗಳವರು. ಹ್ಯಾನಿಬಲನು ಸೆರೆಸಿಕ್ಕ ಮಿತ್ರಜನರನ್ನು ಹಣ ಕೇಳದೆ ಬಿಡುಗಡೆಮಾಡಿ, ತಾನು ಬಂದುದು ಅವರ ಸ್ವಾತಂತ್ರ್ಯಕ್ಕಾಗಿ ಎಂದು ಹೇಳಿ ಕಳುಹಿಸಿದನು. ಕ್ಯಾನೆಯ ಬಳಿಕ ಕ್ಯಾಪುವ ಮೊದಲಾದ ದಕ್ಷಿಣದ ನಗರಗಳು ಆತನನ್ನು ಸೇರಿದುವು. ಆದರೆ ಮಧ್ಯ ಇಟಲಿಯು ರೋಮನ್ನು ಬಿಡಲಿಲ್ಲ. ಸೇರಿದ ಊರುಗಳನ್ನೆಲ್ಲ ಕಾಯುವಷ್ಟು ಬಲವು ಆತನಲ್ಲಿರಲಿಲ್ಲ. ಕ್ರಿ. ಪೂ. 211ರಲ್ಲಿ ಕ್ಯಾಪುವವು ರೋಮಿನವರ ವಶವಾಯಿತು. ಕೊಟ್ಟ ಅಭಯವನ್ನು ನಡೆಸಲಾರದವನ ಪಕ್ಷಕ್ಕೆ ಹೊಸ ಮಿತ್ರರು ಬರುವುದು ಹೇಗೆ?

ಕೊನೆಯ ಪರೀಕ್ಷೆಯು ಕ್ರಿ. ಪೂ. 202ರಲ್ಲಿ, ಆಫ್ರಿಕದ ಜಾಮಾ ಎಂಬಲ್ಲಿ ನಡೆಯಿತು. ಅಲ್ಲಿ ಹ್ಯಾನಿಬಲನ ಸೇನೆಯು ಮೂರು ಸಾಲಾಗಿ ನಿಂತಿತ್ತು. ಮೊದಲಿನದು ಹೊಸದಾಗಿ ಕೂಡಿಸಿದ ಲಿಗುರಿಯದವರು, ಗಾಲರು, ಬಲೆಯಾರಿಕ್ ದ್ವೀಪದವರು, ಮೂರರು. ಎರಡನೆಯದು ಕಾರ್ಥೇಜಿನ ಪೌರರೂ ಲಿಬಿಯದವರೂ. ಮೂರನೆಯದು ಇಟಲಿಯಿಂದ ಆತನೊಡನೆ ಬಂದ ಹಳಬರು. ಮೊದಲ ಸಾಲಿನವರು, ಹಿಂದಿನವರು ನೆರವಿಗೆ ಬರಲಿಲ್ಲವೆಂದು ರೇಗಿ, ತಮ್ಮ ಪಕ್ಷದವರ ಮೇಲೆಯೇ ಕತ್ತಿ ಎತ್ತಿದರು. ಎರಡನೆಯ ಸಾಲೂ ಮುರಿಯಿತು. ಮೂರನೆಯ ಸಾಲು ಮಾತ್ರ, ರೋಮಿನವರ ಮತ್ತು ಅವರ ಪಕ್ಷ ಸೇರಿದ್ದ ಮ್ಯಾಸಿನಿಸ್ಸನ ರಾವುತರು ಹಿಂದಿನಿಂದ ಬಂದು ಬೀಳುವವರೆಗೂ ಅಲುಗದೆ ಕಾದಿತು. ಅವರಲ್ಲಿ ಬಹುಮಂದಿ ನಿಂತ ನೆಲದಲ್ಲಿಯೇ ಮಡಿದರು.

ಇಲ್ಲಿ ಕೌಟಿಲ್ಯನ ಸೂತ್ರವು ಮುರಿಯಲಿಲ್ಲ, ವಿಸ್ತಾರವಾಯಿತೆಂದೇ ನನಗೆ ತೋರುತ್ತದೆ. ಜಾಮಾದಲ್ಲಿ ಸ್ವಂತ ನಗರದ ಮಕ್ಕಳಿಗಿಂತ ಸ್ಥಿರವಾಗಿ ನಿಂತವರು ನಾನಾ ದೇಶಗಳವರು. ಒಂದೇ ಬುತ್ತಿಯನ್ನು ಹಂಚಿ ಉಂಡು, ಒಂದೇ ಚಳಿಯಲ್ಲಿ ನಡುಗಿ, ಕೊಟ್ಟ ಮಾತು ನಡೆಯುವುದನ್ನು ವರ್ಷವರ್ಷವೂ ಕಂಡು ಅವರು ಹ್ಯಾನಿಬಲನಿಗೆ ಮೌಲಬಲವೇ ಆಗಿಬಿಟ್ಟಿದ್ದರು. ಅಂತಹ ಬಲವನ್ನು ಕಟ್ಟಲು ಆತನಿಗೆ ಅರ್ಧ ಆಯುಷ್ಯವೇ ಹಿಡಿಯಿತು. ಮೊದಲ ಸಾಲಿನ ಹೊಸಬರಿಗೆ ಕೊಡಲು ಅಷ್ಟು ಕಾಲವು ಆತನ ಬಳಿ ಉಳಿದಿರಲಿಲ್ಲ.