ಗೋಡೆಗೆ ಯಾವ ದೆಲಾಕ್ರಾ?

ಉತ್ತರ ಆಫ್ರಿಕಾದ ಬದುಕನ್ನು ಬಿಡಿಸಿದ ರಮ್ಯಯುಗದ ಚಿತ್ರವೊಂದರ ಪ್ರತಿಯನ್ನು ಮನೆಯಲ್ಲಿ ತೂಗುಹಾಕಬೇಕೆಂದರೆ ಕಣ್ಣು ಮೊದಲು ಹೋಗುವುದು ಯೂಜೀನ್ ದೆಲಾಕ್ರಾನ ‘ಆಲ್ಜಿಯರ್ಸ್‌ನ ಹೆಂಗಸರು’ ಕಡೆಗೇ. ಅದರ ಬಣ್ಣಗಳಿಗೆ ಮರುಳಾಗದವರು ಕಡಿಮೆ. ಆದರೂ ಮನೆಗೆ ಒಪ್ಪುವುದು ಅದಲ್ಲ, ಅವನದೇ ‘ಮೊರಾಕೊದಲ್ಲಿ ಯಹೂದಿ ಮದುವೆ’ ಎಂದು ನನ್ನ ವಾದ. ಎರಡೂ 1832ರ ಒಂದೇ ಪ್ರಯಾಣದ ಫಲ. ಮೊರಾಕೊದ ಸುಲ್ತಾನನ ಬಳಿಗೆ ಹೊರಟ ಫ್ರೆಂಚ್ ರಾಯಭಾರಿಯ ಜೊತೆಗೆ ದೆಲಾಕ್ರಾ ಹೋಗಿದ್ದ. ಟ್ಯಾಂಜಿಯರ್‌ನಲ್ಲಿ ಮುಸ್ಲಿಮರ ಮನೆಯ ಒಳಭಾಗ ಅವನಿಗೆ ಮುಚ್ಚಿತ್ತು. ಯಹೂದಿಗಳು ಬಾಗಿಲು ತೆರೆದರು, ಮದುವೆಯನ್ನೂ ನೋಡಗೊಟ್ಟರು. ಚಿತ್ರದಲ್ಲಿರುವುದು ಆ ಮನೆಯ ಅಂಗಳ: ಗೋಡೆಯ ಬದಿಗೆ ಕುಳಿತ ವಾದ್ಯಗಾರರು, ಕುಣಿಯುವ ಹೆಣ್ಣು, ಸುತ್ತ ನೆರೆದ ಯಹೂದಿಗಳು, ಮುಸ್ಲಿಮರು. ಮದುವಣಗಿತ್ತಿ ಮಾತ್ರ ಇಲ್ಲ, ಅವಳು ಒಳಕೋಣೆಯಲ್ಲಿದ್ದಾಳೆ. ನೋಡುವ ನಾವೂ ಅಂಗಳದವರೆಗಷ್ಟೇ ಬಂದ ಅತಿಥಿಗಳು.

ಆಲ್ಜಿಯರ್ಸ್‌ನ ಕಥೆ ಬೇರೆ. ಫ್ರೆಂಚ್ ಸೈನ್ಯ 1830ರಲ್ಲಿ ಆ ಊರನ್ನು ಹಿಡಿದಿತ್ತು. ದೆಲಾಕ್ರಾ ಅಲ್ಲಿ ಉಳಿದದ್ದು ಕೆಲವೇ ದಿನ. ಬಂದರಿನ ಅಧಿಕಾರಿಯೊಬ್ಬನ ನೆರವಿನಿಂದ ಅಂತಃಪುರ ಹೊಕ್ಕನೆಂದು ಪ್ರತೀತಿ. 1834ರಲ್ಲಿ ಪ್ಯಾರಿಸ್ಸಿನಲ್ಲಿ ತೋರಿಸಿದ ಆ ಚಿತ್ರದೆದುರು ನಿಂತವನೂ ಕರೆಯದೆ ಒಳಗೆ ಬಂದವನೇ ಆಗುತ್ತಾನೆ. ಕುಳಿತ ಮೂವರು ಹೆಂಗಸರಲ್ಲಿ ಯಾರೂ ಅವನನ್ನು ಬರಮಾಡಿಕೊಳ್ಳುತ್ತಿಲ್ಲ. ಅಲ್ಜೀರಿಯದ ಲೇಖಕಿ ಆಸಿಯಾ ಜೆಬಾರ್ ಇದೇ ಹೆಸರನ್ನು 1980ರ ತನ್ನ ಕಥಾಸಂಕಲನಕ್ಕೆ ಇಟ್ಟುಕೊಂಡಳಲ್ಲ, ಮತ್ತೇಕೆ ಆಕ್ಷೇಪ ಎನ್ನಬಹುದು. ಇಟ್ಟುಕೊಂಡದ್ದು ನಿಜ, ಆದರೆ ಆ ಪುಸ್ತಕದ ಕೊನೆಯ ಬರಹದಲ್ಲಿ ದೆಲಾಕ್ರಾನದು ಕದ್ದ ನೋಟ ಎಂದವಳೂ ಆಕೆಯೇ. ಪಿಕಾಸೊ 1954-55ರಲ್ಲಿ ಇದನ್ನೇ ಮುಂದಿಟ್ಟುಕೊಂಡು 15 ಚಿತ್ರ ಬರೆದ, ಅಲ್ಜೀರಿಯದಲ್ಲಿ ಸ್ವಾತಂತ್ರ್ಯದ ಯುದ್ಧ ಶುರುವಾದ ಹೊತ್ತಿನಲ್ಲೇ. ಇವರಿಬ್ಬರೂ ಚಿತ್ರಕ್ಕೆ ಉತ್ತರ ಕೊಟ್ಟವರು. ಸೋಫಾದ ಮೇಲಿನ ಗೋಡೆ ಏನು ಉತ್ತರ ಕೊಟ್ಟೀತು? ವಸ್ತುಸಂಗ್ರಹಾಲಯದಲ್ಲಾದರೆ ಪಕ್ಕದಲ್ಲಿ ವಿವರದ ಫಲಕವಾದರೂ ಇರುತ್ತದೆ.

ಮದುವೆಯ ಚಿತ್ರವೂ ರಾಜಕಾರಣದ ಪ್ರಯಾಣದಲ್ಲೇ ಹುಟ್ಟಿತು, ಅದೂ ಪ್ಯಾರಿಸ್ಸಿನಲ್ಲಿ ನೆನಪು-ಟಿಪ್ಪಣಿಗಳಿಂದ ಮುಗಿದು 1841ರಲ್ಲಿ ಪ್ರದರ್ಶನ ಕಂಡದ್ದು ಎಂಬ ಮಾತು ಸರಿಯೇ. ಹಾಗೆಂದು ಎರಡನ್ನೂ ಒಂದೇ ತಕ್ಕಡಿಗೆ ಹಾಕಲಾಗದು. ಆತಿಥೇಯರು ತೋರಿಸಿದ್ದನ್ನು ಬರೆಯುವುದಕ್ಕೂ ಮುಚ್ಚಿಟ್ಟದ್ದನ್ನು ಬರೆಯುವುದಕ್ಕೂ ಅಂತರವಿದೆ, ಅದು ಚಿತ್ರದೊಳಗೇ ಕಾಣುತ್ತದೆ. ಬರೀ ಬಣ್ಣದ ಚೆಲುವೇ ಸಾಕೆನ್ನುವವರಿಗೂ ಮದುವೆಯ ಬಿಳಿ ಗೋಡೆ, ಹಸಿರು ಮರಗೆಲಸ, ಅರ್ಧ ಬಿಸಿಲು ಅರ್ಧ ನೆರಳಿನ ಅಂಗಳ ನಷ್ಟದ ವ್ಯಾಪಾರವೇನಲ್ಲ. ಮೂಲಚಿತ್ರಗಳೆರಡೂ ಲೂವ್ರ್‌ನಲ್ಲಿವೆ. ಆಲ್ಜಿಯರ್ಸ್‌ನ ಹೆಂಗಸರನ್ನು ಅಲ್ಲೇ ನೋಡಿ. ಮನೆಗೆ ಮದುವೆಯನ್ನು ತನ್ನಿ.