ಸಭಿಕರಿಲ್ಲದ ರಂಗಮಂದಿರ

ನೇಪಲ್ಸ್ ನಗರದಿಂದ ರೈಲಿನಲ್ಲಿ ಪಾಂಪೇಯಿಗೆ ಹೋದವರು ಅಲ್ಲಿಯ ಪುರಾತನ ಬಯಲು ರಂಗಮಂದಿರವನ್ನು ನೋಡದೆ ಮರಳಬಾರದು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಪರ್ವತವು ಉಗುಳಿದ ಬೂದಿಯಲ್ಲಿ ಹೂತುಹೋಗಿದ್ದ ಈ ಕಲ್ಲುಮೆಟ್ಟಿಲುಗಳ ನಡುವೆ, 1971ರ ಅಕ್ಟೋಬರಿನಲ್ಲಿ, 'ಪಿಂಕ್ ಫ್ಲಾಯ್ಡ್' ಎಂಬ ಆಂಗ್ಲ ವಾದ್ಯವೃಂದದ ನಾಲ್ವರು ತರುಣರು ಚಲನಚಿತ್ರವೊಂದಕ್ಕಾಗಿ ನುಡಿಸಿದರು. ಸಭಿಕರನ್ನು ಕರೆದಿರಲಿಲ್ಲ. 1965ರಲ್ಲಿ ಲಂಡನ್ನಿನಲ್ಲಿ ವೃಂದಕ್ಕೆ ಆ ಹೆಸರನ್ನಿಟ್ಟ ಸಿಡ್ ಬ್ಯಾರೆಟ್ಟನೂ ಜೊತೆಗಿರಲಿಲ್ಲ. ಮನಸ್ಸಿನ ಸ್ವಾಸ್ಥ್ಯ ಕೆಟ್ಟು ಆತ 1968ರಲ್ಲಿಯೇ ದೂರವಾಗಿದ್ದನು. 1973ರಲ್ಲಿ ಜಗದ್ವಿಖ್ಯಾತಿ ಒದಗಿತು. 1985ರಲ್ಲಿ ರೋಜರ್ ವಾಟರ್ಸ್ ಬೇರೆಯಾದನು. 2008ರಲ್ಲಿ ರಿಚರ್ಡ್ ರೈಟ್ ತೀರಿಕೊಂಡನು. 2016ರ ಜುಲೈ ತಿಂಗಳಿನಲ್ಲಿ ಆ ನಾಲ್ವರ ಪೈಕಿ ಡೇವಿಡ್ ಗಿಲ್ಮೋರ್ ಒಬ್ಬನೇ ಹೊಸ ಸಂಗಡಿಗರೊಡನೆ ಇಲ್ಲಿಗೆ ಹಿಂತಿರುಗಿ ನುಡಿಸಿದನು. ಅಂದು ಸಭಿಕರಿದ್ದರು, ಹಳೆಯ ಗೆಳೆಯರಿರಲಿಲ್ಲ.