ಬೀದರಿನ ಬಂದರು

ಪುಣೆಯ ವಿಮಾನ ನಗರದಲ್ಲಿ ನೆಲೆಸಿದ ನಮ್ಮಂಥವರು ಸಮುದ್ರ ನೋಡಬೇಕೆಂದರೆ ಘಟ್ಟ ಇಳಿದು ಅಲಿಬಾಗಿಗೆ ಹೋಗುತ್ತೇವೆ. ಅಲ್ಲಿಂದ ತುಸು ದಕ್ಷಿಣಕ್ಕಿರುವ ರೇವದಂಡಾ, ಚೌಲ್ ಊರುಗಳಲ್ಲಿ ಇಳಿಯುವವರು ಕಡಿಮೆ. ನಾನು ಬೀದರ್ ಕಡೆಯವನು. ನನ್ನನ್ನು ಅಲ್ಲಿಗೆ ಎಳೆದದ್ದು ಒಂದು ಕುದುರೆಯ ಕಥೆ.

ಬಹಮನಿ ಸುಲ್ತಾನರ ಕಾಲದಲ್ಲಿ ಚೌಲ್ ದೊಡ್ಡ ಬಂದರು. ರಷ್ಯಾದ ತ್ವೆರ್ ಪಟ್ಟಣದ ವ್ಯಾಪಾರಿ ಅಫನಾಸಿ ನಿಕಿತಿನ್ 1469ರ ಸುಮಾರಿಗೆ ಒಂದು ಗಂಡು ಕುದುರೆಯೊಂದಿಗೆ ಇಲ್ಲಿ ಇಳಿದ. ಘಟ್ಟ ಹತ್ತಿ ಜುನ್ನರ್ ತಲುಪಿದಾಗ ಅಲ್ಲಿನ ಅಧಿಕಾರಿ ಅಸದ್ ಖಾನ್ ಕುದುರೆಯನ್ನು ಕಿತ್ತುಕೊಂಡು, ಮತ ಬದಲಿಸಿದರಷ್ಟೇ ಕೊಡುತ್ತೇನೆಂದು ಹಟ ಹಿಡಿದ. ಖೊರಾಸಾನಿನವನೊಬ್ಬ ಮಧ್ಯೆ ಬಂದು ಬಿಡಿಸಿದ. ನಿಕಿತಿನ್ ಆ ಕುದುರೆಯನ್ನು ಕೊನೆಗೆ ಮಾರಿದ್ದು ಬೀದರಿನಲ್ಲಿ. ಬಹಮನಿ ಪ್ರಧಾನಿ ಮಹಮೂದ್ ಗಾವಾನನ ವೈಭವದ ದಿನಗಳವು. ಬೀದರಿನ ಮಕ್ಕಳು ಗಾವಾನನ ಮದರಸಾವನ್ನು ದಿನವೂ ನೋಡುತ್ತಾ ಬೆಳೆಯುತ್ತಾರೆ. ಆ ಸಿರಿಗೆ ಕಡಲ ಬಾಗಿಲೊಂದು ಇತ್ತೆಂದು ನಮಗೆ ಯಾರೂ ಹೇಳಿಕೊಡಲಿಲ್ಲ.

ಇಂದು ಹೆಚ್ಚಾಗಿ ಕಣ್ಣಿಗೆ ಬೀಳುವ ಪಾಳು ಕಟ್ಟಡಗಳು ಮಾತ್ರ ಆಮೇಲಿನವು, ಪೋರ್ಚುಗೀಸರವು. 1508ರಲ್ಲಿ ಇಲ್ಲಿಯ ನೀರಿನಲ್ಲೇ ವೈಸರಾಯ್ ಅಲ್ಮೇಡಾನ ಮಗ ಲೊರೆನ್ಸೊ ಯುದ್ಧದಲ್ಲಿ ಸತ್ತ. 1520ರ ದಶಕದಲ್ಲಿ ಪೋರ್ಚುಗೀಸರು ರೇವದಂಡಾದಲ್ಲಿ ಕೋಟೆ ಕಟ್ಟಿದರು. 1740ರಲ್ಲಿ ಅದು ಮರಾಠರ ಕೈಸೇರಿತು. ಈಗ ಡಾಂಬರು ರಸ್ತೆ ಕೋಟೆಗೋಡೆಯನ್ನು ಸೀಳಿಕೊಂಡೇ ಊರೊಳಗೆ ಹೋಗುತ್ತದೆ.

ರಸ್ತೆ ಬಿಟ್ಟು ತೆಂಗು ಅಡಿಕೆಯ ವಾಡಿಗಳೊಳಗೆ ಕಾಲಿಟ್ಟರೆ ಬೇರೆಯೇ ಲೋಕ. ಚಾವಣಿಯಿಲ್ಲದ ಚರ್ಚಿನ ಗೋಡೆಗಳು ತೋಟದ ನಡುವೆ ನಿಂತಿವೆ. ಅದರ ಗೋಪುರವನ್ನು ಊರವರು ಸಾತಖಣಿ ಎನ್ನುತ್ತಾರೆ. ಏಳಂತಸ್ತು ಇತ್ತಂತೆ, ಉಳಿದಿರುವುದು ನಾಲ್ಕು. ಹತ್ತಿರ ಹೋಗಿ ಕೈಯಿಟ್ಟು ನೋಡಿದೆ: ಕಪ್ಪು ಕಲ್ಲುಗಳ ಸಂದಿನಲ್ಲಿ ಗಾರೆ ಇನ್ನೂ ಗಟ್ಟಿಯಾಗಿದೆ, ಮರದ ಬೇರೊಂದು ಅದರೊಳಗೆ ಹೊಕ್ಕು ಎರಡು ಕಲ್ಲುಗಳನ್ನು ಬೆರಳಗಲ ಸರಿಸಿದೆ. ಅದೇ ಬೇರು ಮೇಲಿನ ಕಲ್ಲನ್ನು ಹಿಡಿದು ನಿಲ್ಲಿಸಿಯೂ ಇದೆ. ಕಡಿದರೆ ಗೋಡೆ ಬೀಳುತ್ತದೆ, ಬಿಟ್ಟರೂ ಬೀಳುತ್ತದೆ. ಇಂಥ ಕಟ್ಟಡಕ್ಕೆ ಕಸ ಗುಡಿಸುವ ಕಾಳಜಿ ಸಾಲದು. ಗಾರೆ ಕೆಲಸ ಬಲ್ಲವರು ಬೇಕು.

ಕುಂಡಲಿಕಾ ನದಿಯ ಸೇತುವೆ ದಾಟಿದರೆ ಕೊರ್ಲಾಯಿ. ನದಿಗೂ ಸಮುದ್ರಕ್ಕೂ ನಡುವೆ ಚಾಚಿದ ಗುಡ್ಡದ ಬೆನ್ನಿನುದ್ದಕ್ಕೂ ಕೋಟೆ. ಪೋರ್ಚುಗೀಸರು ಇದನ್ನು 1594ರಲ್ಲಿ ಅಹಮದ್‌ನಗರದ ನಿಜಾಮಶಾಹಿಯಿಂದ ಗೆದ್ದರು. ದೀಪಸ್ತಂಭದ ಪಕ್ಕದಿಂದ ಮೆಟ್ಟಿಲೇರಿದರೆ ಬಾಗಿಲ ಮೇಲೆ ಬಾಗಿಲು, ಮೇಲೊಂದು ಪಾಳು ಚರ್ಚು, ಎರಡೂ ಬದಿಗೆ ನೀರು.

ನನಗೆ ಕೋಟೆಗಿಂತ ದೊಡ್ಡ ಅಚ್ಚರಿ ಕೆಳಗಿನ ಹಳ್ಳಿ. ಅಲ್ಲಿಯ ಕ್ರೈಸ್ತ ಮನೆಗಳಲ್ಲಿ ಇಂದಿಗೂ ಪೋರ್ಚುಗೀಸಿನಿಂದ ಹುಟ್ಟಿದ ಮಾತು ಆಡುತ್ತಾರೆ. ಆಡುವವರು ಸಾವಿರದ ಆಸುಪಾಸು. ಸೈನ್ಯ ಹೋಗಿ ಹೆಚ್ಚುಕಡಿಮೆ 280 ವರ್ಷವಾಯಿತು, ಸುತ್ತ ಎಲ್ಲೆಲ್ಲೂ ಮರಾಠಿ. ಆದರೂ ಈ ಮಾತು ಅಡುಗೆಮನೆಯಲ್ಲಿ, ಅಂಗಳದಲ್ಲಿ ಬದುಕಿಕೊಂಡಿದೆ. ವಿಮಾನ ನಗರದ ಫ್ಲಾಟಿನಲ್ಲಿ ಮಕ್ಕಳ ಜೊತೆ ಕನ್ನಡ ಆಡಲು ಹೆಣಗುವ ನನಗೆ ಅವರ ಮೇಲೆ ತುಂಬು ಗೌರವ ಹುಟ್ಟಿತು.

ರೇವದಂಡಾದ ಶಾಲೆಯ ಆವರಣದಲ್ಲಿ ನಿಕಿತಿನ್‌ಗೆ ಸ್ಮಾರಕವಿದೆ. ಅವನು ತ್ವೆರ್‌ಗೆ ಮರಳುವ ದಾರಿಯಲ್ಲೇ, ಸ್ಮೊಲೆನ್ಸ್ಕ್ ತಲುಪುವ ಮುನ್ನ ತೀರಿಕೊಂಡ; ಅವನು ಬರೆದಿಟ್ಟ ಪ್ರವಾಸದ ಟಿಪ್ಪಣಿ ಮಾತ್ರ ಮಾಸ್ಕೋ ಸೇರಿತು.